ಅನುವಾದದ ಸಾಲು ಪರದೆ ಮುಟ್ಟುವ ದಾರಿ

ಕೇಳುಗರಿಗೆ ನಮಸ್ಕಾರ. ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು 1993ರಲ್ಲಿ ಶುರು ಮಾಡಿದವರು ಇಯಾನ್ ಮರ್ಡಾಕ್. ಇಂದಿಗೂ ಅದು ನಡೆಯುತ್ತಿರುವುದು ಸ್ವಯಂಸೇವಕರಿಂದ. ಅವರಲ್ಲಿ ತಂತ್ರಾಂಶಗಳನ್ನು ಅನುಸ್ಥಾಪಿಸಲು ತಕ್ಕಂತೆ ಕಟ್ಟಿಕೊಡುವವರು, ಅಂದರೆ ಪ್ಯಾಕೇಜ್ ಮಾಡುವವರು ಒಂದು ಕಡೆ, ಅನುವಾದಿಸುವವರು ಇನ್ನೊಂದು ಕಡೆ. ಇಬ್ಬರ ಕೆಲಸ ಹೊತ್ತಿಗೆ ಸರಿಯಾಗಿ ಕೂಡಿಬರದಿದ್ದರೆ ಎಷ್ಟೇ ಒಳ್ಳೆಯ ಕನ್ನಡ ಅನುವಾದವಿದ್ದರೂ ಬಳಕೆದಾರನಿಗೆ ಕಾಣುವುದು ಇಂಗ್ಲಿಷೇ.

ಅನುವಾದ ನಡೆಯುವುದು ಪಿಒ ಎಂಬ ಪಠ್ಯ ಕಡತದಲ್ಲಿ. ಕನ್ನಡದ್ದಕ್ಕೆ ಕೆಎನ್ ಡಾಟ್ ಪಿಒ ಎಂದು ಹೆಸರು. ಎಂಎಸ್‌ಜಿಐಡಿ ಎಂಬ ಸಾಲಿನಲ್ಲಿ ಇಂಗ್ಲಿಷ್ ಮೂಲ, ಅದರ ಕೆಳಗೆ ಎಂಎಸ್‌ಜಿಎಸ್‌ಟಿಆರ್ ಸಾಲಿನಲ್ಲಿ ನಮ್ಮ ಕನ್ನಡ. ನಡುವೆ ಪರ್ಸೆಂಟ್ ಎಸ್, ಪರ್ಸೆಂಟ್ ಡಿ ಎಂಬ ಗುರುತುಗಳು ಬರುತ್ತವೆ. ಪ್ರೋಗ್ರಾಂ ಓಡುವಾಗ ಹೆಸರು, ಸಂಖ್ಯೆಗಳು ಅಲ್ಲಿಗೆ ಬಂದು ಕೂರುತ್ತವೆ. ಕನ್ನಡದವರು ಎಡವುವುದು ಹೆಚ್ಚಾಗಿ ಇಲ್ಲೇ. ಪರ್ಸೆಂಟ್ ಎಸ್‌ಗೆ ನೇರವಾಗಿ 'ಅನ್ನು' ಅಂಟಿಸಿದರೆ ಪರದೆಯ ಮೇಲೆ 'ಪತ್ರಅನ್ನು ಅಳಿಸಲೇ?' ಎಂದು ಮೂಡುತ್ತದೆ. 'ಪರ್ಸೆಂಟ್ ಎಸ್ ಎಂಬ ಕಡತವನ್ನು' ಎಂದು ಬರೆದರೆ ವಿಭಕ್ತಿ ನಮ್ಮದೇ ಪದಕ್ಕೆ ಅಂಟುತ್ತದೆ, ಸಂಧಿಯೂ ಕೆಡುವುದಿಲ್ಲ. ನಮ್ಮ ವಾಕ್ಯಕ್ಕೆ ತಕ್ಕಂತೆ ಗುರುತುಗಳನ್ನು ಹಿಂದುಮುಂದು ಮಾಡುವುದಾದರೆ ಪರ್ಸೆಂಟ್ ಚಿಹ್ನೆಯ ಪಕ್ಕ '1 ಡಾಲರ್', '2 ಡಾಲರ್' ಎಂದು ಕ್ರಮಸಂಖ್ಯೆ ಕೊಡಬೇಕು. ಹಾಗೆ ಕೊಡದೆ ಅದಲುಬದಲು ಮಾಡಿದರೆ, ಸಿ ಭಾಷೆಯ ಪ್ರೋಗ್ರಾಂ ಸಂಖ್ಯೆಯೊಂದನ್ನು ಪಠ್ಯದ ವಿಳಾಸವೆಂದು ತಿಳಿದು ಓದಲು ಹೋಗಿ ಕುಸಿಯಬಹುದು. ಆದ್ದರಿಂದ ಕಳಿಸುವ ಮುನ್ನ ಕಡತವನ್ನು ಪರೀಕ್ಷಿಸುವ ಎಂಎಸ್‌ಜಿಎಫ್‌ಎಂಟಿ ಆದೇಶವನ್ನು ಮೈನಸ್ ಸಿ ಆಯ್ಕೆಯೊಂದಿಗೆ ಓಡಿಸಲೇಬೇಕು. ಗುರುತುಗಳ ತಪ್ಪು, ಕೊನೆಯಲ್ಲಿ ಬಿಟ್ಟುಹೋದ ಹೊಸಸಾಲಿನ ಚಿಹ್ನೆ, ಕಡತದ ಮೊದಲಲ್ಲಿರಬೇಕಾದ ಶೀರ್ಷಿಕೆಯ ಕೊರತೆ ಎಲ್ಲವನ್ನೂ ಅದು ಹಿಡಿಯುತ್ತದೆ. ಸಂಧಿದೋಷವನ್ನು ಮಾತ್ರ ಯಾವ ಆದೇಶವೂ ಹಿಡಿಯದು, ಅದಕ್ಕೆ ಇನ್ನೊಬ್ಬರ ಕಣ್ಣೇ ಬೇಕು.

ಇನ್ನು 'ಫಝಿ' ಗುರುತು. ಮೂಲ ಇಂಗ್ಲಿಷ್ ಸಾಲು ಬದಲಾದಾಗ ಎಂಎಸ್‌ಜಿಮರ್ಜ್ ಎಂಬ ಆದೇಶ ಹಳೆಯ ಅನುವಾದಗಳಲ್ಲಿ ಹೋಲುವಂಥದ್ದನ್ನು ಹುಡುಕಿ ತಂದಿಟ್ಟು, ಫಝಿ ಎಂದು ಗುರುತು ಹಾಕುತ್ತದೆ. ಅದು ಊಹೆ ಅಷ್ಟೇ. ಗುರುತು ಇರುವವರೆಗೆ ಆ ಸಾಲು ಪ್ರೋಗ್ರಾಂ ಓದುವ ಅಂತಿಮ ಕಡತಕ್ಕೆ ಹೋಗುವುದಿಲ್ಲ. ಶೇಕಡಾವಾರು ಏರಿಸುವ ಆಸೆಗೆ ಓದದೆಯೇ ಗುರುತುಗಳನ್ನೆಲ್ಲ ಒಟ್ಟಿಗೆ ಕಿತ್ತುಹಾಕುವವರಿದ್ದಾರೆ. ಆಗ 'ಅಳಿಸಬೇಡ' ಎನ್ನಬೇಕಾದ ಗುಂಡಿಯ ಮೇಲೆ 'ಅಳಿಸು' ಎಂದು ಬಂದು ಕೂತಿರುತ್ತದೆ. ಅದಕ್ಕಿಂತ ಇಂಗ್ಲಿಷೇ ಇರುವುದು ವಾಸಿ.

ಕಡತ ಸರಿಯಾಯಿತು ಎಂದುಕೊಳ್ಳಿ. ಪಿಒ ಕಡತಕೋಶದಲ್ಲಿ ಲಿಂಗ್ವಾಸ್ ಎಂಬ ಪುಟ್ಟ ಪಟ್ಟಿ ಇದ್ದರೆ ಅದರಲ್ಲಿ 'ಕೆಎನ್' ಸೇರಿಸಬೇಕು. ಮರೆತರೆ ದೋಷಸಂದೇಶವೇನೂ ಬರುವುದಿಲ್ಲ, ಕನ್ನಡ ಸುಮ್ಮನೆ ಬಿಟ್ಟುಹೋಗುತ್ತದೆ. ಮುಂದಿನದು ಪ್ಯಾಕೇಜ್ ಮಾಡುವವರ ಕೆಲಸ. ಮೂಲ ಸಂಕೇತದ ಜೊತೆ 'ಡೆಬಿಯನ್' ಎಂಬ ಕಡತಕೋಶ ಇಟ್ಟು, ಅದರಲ್ಲಿ ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್, ಕಾಪಿರೈಟ್ ಕಡತಗಳನ್ನು ಬರೆಯುತ್ತಾರೆ. ಪ್ಯಾಕೇಜ್ ಕಟ್ಟಲು ಅನುವಾದದ ಸಲಕರಣೆಯಾದ ಗೆಟ್‌ಟೆಕ್ಸ್ಟ್ ಬೇಕು ಎಂದು ಕಂಟ್ರೋಲ್ ಕಡತದಲ್ಲಿ ಹೇಳದಿದ್ದರೂ ತಮ್ಮ ಯಂತ್ರದಲ್ಲಿ ಅದು ಮೊದಲೇ ಇರುವುದರಿಂದ ಎಲ್ಲ ಸರಿಯಾಗಿ ಕಟ್ಟಿಕೊಳ್ಳುತ್ತದೆ. ಅದಿಲ್ಲದ ಡೆಬಿಯನ್ನಿನ ಸರ್ವರಿನಲ್ಲಿ ಕೆಡಬಹುದು. ಎಸ್‌ಬಿಲ್ಡ್ ಎಂಬ ಸಲಕರಣೆ ಕೊಡುವ ಖಾಲಿ ಪರಿಸರದಲ್ಲಿ ಒಮ್ಮೆ ಕಟ್ಟಿ, ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್ನಿನಿಂದ ಪರೀಕ್ಷಿಸಿದರೆ ಈ ಪೇಚು ಮೊದಲೇ ತಿಳಿಯುತ್ತದೆ.

ಪ್ಯಾಕೇಜ್ ಮೊದಲು 'ಅನ್‌ಸ್ಟೇಬಲ್' ಶಾಖೆಗೆ ಹೋಗುತ್ತದೆ. ಗಂಭೀರ ದೋಷ ಕಾಣದಿದ್ದರೆ ಸಾಮಾನ್ಯವಾಗಿ 5 ದಿನಗಳಲ್ಲಿ 'ಟೆಸ್ಟಿಂಗ್' ಶಾಖೆಗೆ. ಸುಮಾರು 2 ವರ್ಷಕ್ಕೊಮ್ಮೆ ಟೆಸ್ಟಿಂಗ್ ಶಾಖೆಯನ್ನು ಫ್ರೀಜ್ ಮಾಡಿ, ಅಂದರೆ ಹೊಸ ಬದಲಾವಣೆಗಳನ್ನು ನಿಲ್ಲಿಸಿ, ಸ್ಥಿರ ಆವೃತ್ತಿ ಹೊರತರುತ್ತಾರೆ. 12ನೇ ಆವೃತ್ತಿ ಬಂದದ್ದು 2023ರ ಜೂನ್‌ನಲ್ಲಿ, 13ನೆಯದು 2025ರ ಆಗಸ್ಟ್‌ನಲ್ಲಿ. ಸ್ಥಿರ ಆವೃತ್ತಿಗೆ ಆಮೇಲೆ ಸೇರುವುದು ಭದ್ರತೆಯ ತಿದ್ದುಪಡಿ, ದೊಡ್ಡ ದೋಷಗಳ ಪರಿಹಾರ. ಹೊಸ ಅನುವಾದಕ್ಕೆ ಅಲ್ಲಿ ಜಾಗ ಸಿಗುವುದು ಕಷ್ಟ. ಅಂದರೆ 12ರ ಫ್ರೀಜ್ ತಪ್ಪಿದ ಸಾಲು ಸ್ಥಿರ ಆವೃತ್ತಿ ಬಳಸುವವರಿಗೆ 2025ರವರೆಗೆ ಸಿಗಲಿಲ್ಲ. ಹೀಗಾಗಿ ತಂತ್ರಾಂಶದ ಅನುವಾದವನ್ನು ಆ ತಂತ್ರಾಂಶ ಬರೆಯುವ ಮೂಲ ಯೋಜನೆಗೇ, ಅದರ ಬಿಡುಗಡೆಗೆ ಮುಂಚೆಯೇ ಕಳಿಸುವುದು ಜಾಣತನ. ಪ್ಯಾಕೇಜ್ ಅನುಸ್ಥಾಪಿಸುವಾಗ ಡೆಬಿಯನ್ ಕೇಳುವ ಪ್ರಶ್ನೆಗಳ ಅನುವಾದವನ್ನು ಮಾತ್ರ ಡೆಬಿಯನ್ನಿನ ದೋಷದಾಖಲೆಗೆ ಕಳಿಸಬೇಕು. ತೀವ್ರತೆ 'ವಿಶ್‌ಲಿಸ್ಟ್', ಗುರುತು 'ಎಲ್10ಎನ್' (ಸ್ಥಳೀಕರಣ) ಮತ್ತು 'ಪ್ಯಾಚ್' (ತಿದ್ದುಪಡಿ).

ಡೆಬಿಯನ್ನಿನ ಅನುಸ್ಥಾಪಕದಲ್ಲೂ ಕನ್ನಡ ಇದೆ, ಚಿತ್ರರೂಪದ ಅನುಸ್ಥಾಪಕದಲ್ಲಿ ಮಾತ್ರ. ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ಶಕ್ತಿ ಬರೀ ಪಠ್ಯದ ಕನ್ಸೋಲಿಗಿಲ್ಲ.

ನಿಮ್ಮ ಅನುವಾದ ಪರದೆಯಲ್ಲಿ ಹೇಗಿದೆ ಎಂದು ನೋಡಲು ಮೊದಲು ಭಾಷೆಗಳ ಪಟ್ಟಿಯಿರುವ ಲೊಕೇಲ್ ಡಾಟ್ ಜೆನ್ ಕಡತದಲ್ಲಿ ಕೆಎನ್ ಅಂಡರ್‌ಸ್ಕೋರ್ ಐಎನ್ ಸಾಲಿನ ಮುಂದಿನ ಹ್ಯಾಶ್ ತೆಗೆದು, ಲೊಕೇಲ್-ಜೆನ್ ಓಡಿಸಿ. ಅಕ್ಷರ ಮೂಡಲು ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿಕೊಳ್ಳಿ. ಆಮೇಲೆ ಪ್ರೋಗ್ರಾಂ ಅನ್ನು ಕನ್ನಡದಲ್ಲಿ ತೆರೆದು ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿ. ಪಿಒ ಕಡತದಲ್ಲಿ ಚೆನ್ನಾಗಿ ಕಂಡ ಉದ್ದನೆಯ ಪದ ಅಲ್ಲಿ ಅರ್ಧಕ್ಕೇ ಕತ್ತರಿಸಿಹೋಗಿರಬಹುದು. ನಮಸ್ಕಾರ.