ಗ್ಲಾಸಿನಲ್ಲಿ ಕಾಳುಮೆಣಸು

ಕೇಳುಗರಿಗೆ ನಮಸ್ಕಾರ.

ನಾನಿರುವುದು ಅಡಿಲೇಡ್‌ನಲ್ಲಿ. ಬರೋಸಾ ಕಣಿವೆಯ ದ್ರಾಕ್ಷಿ ತೋಟಗಳು ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಊರಿಂದ ಬಂದ ನೆಂಟರಿಗೆ ವೈನ್ ಗ್ಲಾಸು ಕೈಗೆ ಕೊಟ್ಟರೆ ಸಾಕು, "ನಮಗೇನಮ್ಮ ಗೊತ್ತಾಗುತ್ತೆ ಇದೆಲ್ಲ?" ಅನ್ನುತ್ತಾರೆ. ಅಡುಗೆಮನೆಯಲ್ಲಿ ಒಗ್ಗರಣೆ ಸೀದದ್ದನ್ನು ಹಜಾರದಲ್ಲಿ ಕೂತೇ ಹಿಡಿಯುವ ಮೂಗು ಅವರದು. ಅಷ್ಟಿದ್ದರೆ ಖಂಡಿತ ಗೊತ್ತಾಗುತ್ತದೆ.

ಕೊಡಗಿನಿಂದ ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ಬಂದಿದ್ದರು. ಶಿರಾಜ್ ಎಂಬ ಕೆಂಪು ವೈನ್ ಎರಡು ಬಗೆಯದು ಸುರಿದು ಮುಂದಿಟ್ಟೆ. ಒಂದು ಬರೋಸಾದ್ದು. ಬಿಸಿಲಿನ ಜಾಗ, ಹಣ್ಣು ಚೆನ್ನಾಗಿ ಮಾಗುತ್ತದೆ. ವೈನ್ ದಟ್ಟವಾಗಿರುತ್ತದೆ, ನೇರಳೆ ಹಣ್ಣಿನ ಜಾಮ್ ನೆನಪಾಗುತ್ತದೆ. ಇನ್ನೊಂದು ವಿಕ್ಟೋರಿಯಾದ ಗ್ರಾಂಪಿಯನ್ಸ್ ಬೆಟ್ಟದ ಕಡೆಯದು. ಅದು ತಂಪು ಜಾಗ. ಎರಡನೆಯದನ್ನು ಮೂಸಿದ ಕೂಡಲೇ ಚಿಕ್ಕಪ್ಪ, "ಅರೆ, ಇದು ನಮ್ಮ ಕಾಳುಮೆಣಸು!" ಅಂದರು. ಚಿಕ್ಕಮ್ಮ ಮೂರು ಸಲ ಮೂಸಿದರು. "ಎಲ್ಲಿದೆ ಮೆಣಸು? ಸುಮ್ನೆ ಹೇಳ್ತೀರಿ ನೀವು," ಅಂದರು.

ಇಬ್ಬರ ಮಾತೂ ನಿಜ. ಆ ವಾಸನೆಯ ಮೂಲ ರೊಟಂಡೋನ್ ಎಂಬ ವಸ್ತು. ಶಿರಾಜ್‌ನ ಮೆಣಸಿನ ವಾಸನೆಗೆ ಕಾರಣ ಇದೇ ಎಂದು ಆಸ್ಟ್ರೇಲಿಯನ್ ವೈನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು 2008ರಲ್ಲಿ ಪ್ರಕಟಿಸಿದರು. ಕಾಳುಮೆಣಸಿನಲ್ಲಿ ಇರುವುದೂ ಇದೇ. ರೊಟಂಡೋನ್ ಎಂಬ ಹೆಸರು ಬಂದದ್ದು ನಮ್ಮ ಗದ್ದೆ ಬದುಗಳಲ್ಲಿ ಬೆಳೆಯುವ ಕೊನ್ನಾರಿ ಗೆಡ್ಡೆಯಿಂದ (ಸೈಪರಸ್ ರೊಟಂಡಸ್). ಆದರೆ ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಈ ವಾಸನೆ ತಿಳಿಯುವುದೇ ಇಲ್ಲ. ಹಾಗಾಗಿ ಪಕ್ಕದವರು ಹೇಳಿದ ವಾಸನೆ ನಿಮಗೆ ಬರದಿದ್ದರೆ ದಯವಿಟ್ಟು ತಲೆಯಾಡಿಸಬೇಡಿ. "ನನಗೆ ಬರಲಿಲ್ಲ" ಅನ್ನಿ.

ಆಮೇಲೆ ಕ್ಲೇರ್ ಕಣಿವೆಯ ಹಳೆಯ ರೀಸ್ಲಿಂಗ್ ತೆಗೆದೆ. ಇದು ಬಿಳಿ ವೈನ್. ಎಳೆಯದಿದ್ದಾಗ ಸೀದಾ ನಿಂಬೆಹಣ್ಣು. ವರ್ಷ ಕಳೆದ ಹಾಗೆ ಬೇರೆಯೇ ಒಂದು ವಾಸನೆ ಬರುತ್ತದೆ. ಈ ಸಲ ಚಿಕ್ಕಮ್ಮನೇ ಮೊದಲು ಹಿಡಿದರು. "ಇದರಲ್ಲಿ ಸೀಮೆಎಣ್ಣೆ ಬಿದ್ದಿದೆ!" ಬಿದ್ದಿರಲಿಲ್ಲ. ಬಿಸಿಲಲ್ಲಿ ಬೆಳೆದ ರೀಸ್ಲಿಂಗ್ ಹಳೆಯದಾದಾಗ ಬರುವ ವಾಸನೆಯೇ ಅದು. ಹದವಾಗಿದ್ದರೆ ನನಗಂತೂ ತುಂಬಾ ಇಷ್ಟ.

ನಿಜವಾಗಿ ಕೆಟ್ಟ ವೈನ್ ಅಂದರೆ ಒದ್ದೆ ಗೋಣಿಚೀಲದ ವಾಸನೆಯದು. ಅದು ಕಾರ್ಕ್ ಬಿರಡೆಯಿಂದ ಬರುವ ದೋಷ. ಈ ಕಾಟಕ್ಕೆ ಬೇಸತ್ತು ಕ್ಲೇರ್‌ನ ಹಲವು ರೀಸ್ಲಿಂಗ್ ತಯಾರಕರು 2000ರಲ್ಲಿ ಒಟ್ಟಾಗಿ ತಿರುಗಿಸುವ ಮುಚ್ಚಳಕ್ಕೆ ಬದಲಾದರು. ಮುಚ್ಚಳ ನೋಡಿ ಅಗ್ಗದ ಮಾಲು ಅಂದುಕೊಳ್ಳಬೇಡಿ.

ನ್ಯೂ ಸೌತ್ ವೇಲ್ಸ್‌ನ ಹಂಟರ್ ಕಣಿವೆಯ ಸೆಮಿಲಾನ್ ಎಂಬ ಬಿಳಿ ವೈನ್ ಬಗ್ಗೆ ಹೇಳದೆ ಇರಲಾರೆ. ಹಣ್ಣನ್ನು ಬೇಗ ಕೊಯ್ಯುತ್ತಾರೆ, ಆಲ್ಕೋಹಾಲ್ ಶೇಕಡಾ 10-11ರ ಆಸುಪಾಸು. ಹೊಸದರಲ್ಲಿ ಬರೀ ಹುಳಿ, ಸಪ್ಪೆ ಅನ್ನಿಸಬಹುದು. ಹತ್ತು ವರ್ಷ ಬಿಟ್ಟು ತೆರೆಯಿರಿ. ಸುಟ್ಟ ಬ್ರೆಡ್ಡು, ಬೆಣ್ಣೆ, ಜೇನು! ಮರದ ಪೀಪಾಯಿ ಮುಟ್ಟದೆಯೇ ಆ ಪರಿಮಳ ಬಂದಿರುತ್ತದೆ. ಎಳೆಯದನ್ನು ಕುಡಿದು ಇದು ಸಾಧಾರಣ ಅಂದುಬಿಟ್ಟರೆ ಅದಕ್ಕೆ ಅನ್ಯಾಯ ಅಲ್ವಾ?

ಇಲ್ಲಿನ ವೈನ್ ಸ್ಪರ್ಧೆಗಳಲ್ಲಿ ಬಹಳ ಕಾಲ 20 ಅಂಕಗಳ ಲೆಕ್ಕವಿತ್ತು. ಬಣ್ಣಕ್ಕೆ 3, ವಾಸನೆಗೆ 7, ಬಾಯಿಗೆ 10. ಚಿನ್ನದ ಪದಕಕ್ಕೆ 18.5 ಬೇಕಿತ್ತು. ತೀರ್ಪುಗಾರರು ನುಂಗುವುದಿಲ್ಲ, ಉಗುಳುತ್ತಾರೆ. ದಿನಕ್ಕೆ ಹತ್ತಾರು ಗ್ಲಾಸು ನೋಡಬೇಕಲ್ಲ.

ಮನೆಯಲ್ಲೇ ಹೀಗೆ ರುಚಿ ನೋಡುವುದಾದರೆ ಎರಡೇ ಬಾಟಲಿ ಸಾಕು, ಜಾಸ್ತಿ ಬೇಡ. ಲೇಬಲ್ ಕಾಣದ ಹಾಗೆ ಪೇಪರ್ ಸುತ್ತಿ. ಬಿಳಿ ವೈನನ್ನು ಕಾಲು ಗಂಟೆ ಮೊದಲೇ ಫ್ರಿಜ್‌ನಿಂದ ಹೊರಗಿಡಿ, ಕೊರೆಯುವ ತಂಪಿನಲ್ಲಿ ವಾಸನೆ ಏಳುವುದಿಲ್ಲ. ಸೆಕೆಗಾಲದಲ್ಲಿ ಕೆಂಪು ವೈನನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ. ಒಂದು ಗುಟುಕು ಬಾಯಲ್ಲಿ ಆಡಿಸಿ. ನುಂಗಿದ ಅಥವಾ ಉಗುಳಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ, ಗಮನಿಸಿ. ನನ್ನ ಮಟ್ಟಿಗೆ ಒಳ್ಳೆಯ ವೈನಿನ ಗುರುತು ಅದೇ.

ಕಂಡದ್ದನ್ನು ಕನ್ನಡದಲ್ಲೇ ಬರೆದಿಡಿ. ನಮ್ಮ ಚಿಕ್ಕಪ್ಪ ಬರೆದ ಚೀಟಿ ಇನ್ನೂ ನನ್ನ ಫ್ರಿಜ್ ಬಾಗಿಲ ಮೇಲಿದೆ: "ಮೆಣಸು, ನೇರಳೆ, ಮಳೆ ಬಿದ್ದ ಮಣ್ಣು." ಅದರ ಕೆಳಗೆ ಚಿಕ್ಕಮ್ಮನ ಅಕ್ಷರ: "ಮೆಣಸು ಇಲ್ಲ."

ನಮಸ್ಕಾರ.