ಬಿಲ್ಲಿಗೆ ಕೂತ ಬೆಳಗು

ಕೇಳುಗರೇ, ನಮಸ್ಕಾರ.

ಮಲೆನಾಡಿನ ಹಳಬರಿಗೆ 'ಬಿಲ್ಲಿಗೆ ಕೂರುವುದು' ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಒಂದಷ್ಟು ಜನ ಹಳು, ಅಂದರೆ ದಟ್ಟ ಪೊದೆಗಾಡು, ನುಗ್ಗಿ ಪ್ರಾಣಿ ಎಬ್ಬಿಸುತ್ತಾರೆ. ಕೋವಿ ಹಿಡಿದವರು ಅದು ಹಾಯುವ ಕಂಡಿಯಲ್ಲಿ ಕಾಯುತ್ತಾರೆ. ಆ ಕಾಯುವ ಜಾಗವೇ ಬಿಲ್ಲು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇದೆಲ್ಲ ಅಜ್ಜಂದಿರ ಕತೆ ಆಯಿತು. ಆಗಬೇಕಿತ್ತು, ಅನ್ನೋಣ. ನನ್ನ ಅಜ್ಜನ ಬಾಯಲ್ಲಿ ಈ ಕತೆ ಕೇಳುತ್ತಾ ಬೆಳೆದ ನಾನು ನಿಜವಾಗಿ ಬಿಲ್ಲಿಗೆ ಕೂತದ್ದು ಉತ್ತರ ಸ್ವೀಡನ್ನಿನಲ್ಲಿ. ಅದೂ ಬರಿಗೈಲಿ, ಅತಿಥಿಯಾಗಿ.

ಅಲ್ಲಿನ ಬೇಟೆ ಮೂಸ್. ಜಿಂಕೆ ಜಾತಿಯಲ್ಲೇ ಎಲ್ಲಕ್ಕಿಂತ ದೊಡ್ಡದು. ದೊಡ್ಡ ಗಂಡಾದರೆ ಹೆಗಲವರೆಗೇ ಆರಡಿ. ನಮ್ಮ ಕಡವೆ ಪಕ್ಕಕ್ಕೆ ಬಂದರೆ ಅದರ ಮರಿ ಅಂದುಕೊಳ್ಳಬೇಕು. ಉತ್ತರ ಭಾಗದಲ್ಲಿ ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ ಬೇಟೆ ಶುರು. ಆ ವಾರ ಹಳ್ಳಿಗಳಲ್ಲಿ ಬಡಗಿ ಸಿಗುವುದಿಲ್ಲ, ನಲ್ಲಿ ರಿಪೇರಿಯವನೂ ಸಿಗುವುದಿಲ್ಲ. ಥೇಟ್ ನಮ್ಮ ದೀಪಾವಳಿ ಹಾಗೆ.

ನನ್ನ ಜೊತೆ ಕೆಲಸ ಮಾಡುವವನ ಮಾವ ಊರಿನ ಬೇಟೆ ತಂಡದ ಯಜಮಾನರು. ಎಪ್ಪತ್ತು ದಾಟಿದೆ. ನಾನೂ ಅವರನ್ನು ಮಾವ ಅಂತಲೇ ಕರೆಯುತ್ತಿದ್ದೆ. ಅರ್ಥ ಕೇಳಿಕೊಂಡು ನಕ್ಕು ಒಪ್ಪಿಕೊಂಡಿದ್ದರು. ಕತ್ತಲಿರುವಾಗಲೇ ಅವರ ಅಡುಗೆಮನೆಯಲ್ಲಿ ಹತ್ತು ಜನ ಸೇರಿದ್ದರು. ಮೇಜಿನ ಮೇಲೆ ನಕ್ಷೆ, ಕಾಫಿ. ಕಾಫಿಯೊಳಗೆ ಚೀಸಿನ ತುಂಡು ಹಾಕಿ ಕುಡಿಯುತ್ತಾರೆ ಅಲ್ಲಿ, ನಂಬ್ತೀರಾ? ತಂಡಕ್ಕೆ ಆ ವರ್ಷ ಸಿಕ್ಕಿದ್ದ ಪರವಾನಗಿ ಎರಡು ದೊಡ್ಡವು, ಮೂರು ಕರು. ಯಾರು ಎಲ್ಲಿ ಕೂರಬೇಕು ಅನ್ನುವುದಕ್ಕೆ ಚೀಟಿ ಎತ್ತಿದರು.

ನಮಗೆ ಬಂದದ್ದು ಜೌಗಿನ ಅಂಚು. ಹುಲ್ಲಿನ ಮೇಲೆ ಆಗಲೇ ತೆಳ್ಳಗೆ ಹಿಮ ಕೂತಿತ್ತು. ಗಾಳಿ ಮುಖಕ್ಕೆ ಬೀಸುತ್ತಿತ್ತು, ಅಂದರೆ ನಮ್ಮ ವಾಸನೆ ಪ್ರಾಣಿಗೆ ಹೋಗುವುದಿಲ್ಲ. ಮಾವ ಮೇಲ್ದುಟಿಯ ಒಳಗೆ ಹೊಗೆಸೊಪ್ಪಿನ ಚಿಕ್ಕ ಪೊಟ್ಟಣ ಸಿಕ್ಕಿಸಿಕೊಂಡು, ಕೋವಿಯನ್ನು ತೊಡೆ ಮೇಲಿಟ್ಟು, ಸುಮ್ನೆ ಕೂತರು. ನಮ್ಮವರು ಕವಳ ಹಾಕಿ ಕೂರುವುದಿಲ್ಲವೇ, ಹಾಗೆ. ಒಂದು ಗಂಟೆ ಏನೂ ಇಲ್ಲ. ನನ್ನ ಕಾಲ್ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸಲು ಹೋದೆ. ಮಾವ ತಲೆ ತಿರುಗಿಸದೆ ಒಂದು ಬೆರಳೆತ್ತಿದರು.

ದೂರದಲ್ಲಿ ನಾಯಿ ಬೊಗಳಿತು. ಅಲ್ಲಿ ಹಳು ನುಗ್ಗುವ ಕೆಲಸ ಜಾಸ್ತಿ ನಾಯಿಯದೇ. ಬೂದು ಬಣ್ಣದ, ಬಾಲ ಸುರುಳಿ ಸುತ್ತಿದ ನಾಯಿ, ಕೊರಳಲ್ಲಿ ಜಿಪಿಎಸ್ ಪಟ್ಟಿ. ಅದು ಮೂಸನ್ನು ಕಚ್ಚುವುದಿಲ್ಲ. ಎದುರು ನಿಂತು ಬೊಗಳಿ ತಡೆಯುತ್ತದೆ, ಓಡಿದರೆ ಹಿಂದೆ ಹೋಗುತ್ತದೆ. ಬೊಗಳು ಹತ್ತಿರವಾಯಿತು, ನಿಂತೇ ಹೋಯಿತು. ಅಷ್ಟರಲ್ಲಿ ಎದುರಿನ ಎಳೆ ಪೈನ್ ಮರಗಳ ನಡುವಿಂದ ಹೆಣ್ಣು ಮೂಸ್ ಹೊರಬಂತು. ಐವತ್ತು ಅರವತ್ತು ಮೀಟರ್ ದೂರ. ಪಕ್ಕೆ ಪೂರ್ತಿ ನಮ್ಮ ಕಡೆಗೆ. ಅಷ್ಟು ದೊಡ್ಡ ಮೈ, ಕಾಲಿನ ಸದ್ದೇ ಇಲ್ಲ!

ಮಾವ ಕೋವಿ ಎತ್ತಿದರು, ಹೊಡೆಯಲಿಲ್ಲ. ನಾನು ಉಸಿರು ಬಿಟ್ಟಿರಲಿಲ್ಲ. ಹೆಣ್ಣಿನ ಹಿಂದೆ ಕರು ಬಂತು. ಅದು ಎರಡು ಹೆಜ್ಜೆ ಬಿಟ್ಟುಕೊಂಡು ಒಂಟಿಯಾಗಿ ನಿಂತಾಗ ಈಡು ಹಾರಿತು. ಕರು ನಲವತ್ತು ಹೆಜ್ಜೆ ಓಡಿ ಬಿತ್ತು. ತಾಯಿ ಕಾಡಿನ ಅಂಚಿನಲ್ಲಿ ನಿಂತು ಒಮ್ಮೆ ಹಿಂದಕ್ಕೆ ನೋಡಿತು. ನನಗೆ ಅದನ್ನು ನೋಡೋಕಾಗಲಿಲ್ಲ.

ಯಾಕೆ ಕರು ಅಂತ ಕೇಳಿದೆ. ತಾಯಿಯನ್ನು ಹೊಡೆದರೆ ಕರು ಹಿಮದಲ್ಲಿ ಒಂಟಿಯಾಗುತ್ತದೆ, ಚಳಿಗಾಲ ದಾಟುವುದು ಕಷ್ಟ. ತಾಯಿ ಉಳಿದರೆ ಮುಂದಿನ ಬೇಸಿಗೆಗೆ ಮತ್ತೆ ಈಯುತ್ತದೆ, ಅಂದರು. ಕರು ಜೊತೆಗಿದ್ದರೆ ಮೊದಲು ಕರು. ಅಲ್ಲಿ ಅದು ಕಟ್ಟುನಿಟ್ಟು. ಹಾಗಂತ ಹೊಡೆಯದೇ ಇರುವ ಹಾಗೂ ಇಲ್ಲ. ಮರ ಕಡಿದ ಜಾಗದಲ್ಲಿ ಎಳೆ ಗಿಡ ಚಿಗುರಿ, ತೋಳಗಳೂ ಕಡಿಮೆಯಾಗಿ, ಮೂಸ್ ಎಷ್ಟು ಹೆಚ್ಚಿದ್ದವೆಂದರೆ 1982ರಲ್ಲಿ ಆ ದೇಶದಲ್ಲಿ 1,70,000ಕ್ಕೂ ಹೆಚ್ಚು ಹೊಡೆದರು. ಈಗ ವರ್ಷಕ್ಕೆ ಹೊಡೆಯುವುದು ಅದರ ಅರ್ಧವೂ ಇಲ್ಲ. ಆದರೂ ಪ್ರತಿ ವರ್ಷ ಸಾವಿರಾರು ಕಾರುಗಳು ಮೂಸಿಗೆ ಗುದ್ದುತ್ತವೆ.

ಒಂಬತ್ತರ ಹೊತ್ತಿಗೆ ಇನ್ನೊಂದು ಈಡು ಕೇಳಿತು. ವಾಕಿಟಾಕಿಯಲ್ಲಿ ಯಾರೋ 'ಗಂಡು ಬಿತ್ತು' ಅಂದರು. ಅದನ್ನು ಎಳೆದು ತರುವುದರಲ್ಲಿ ಎಲ್ಲರ ಬೆನ್ನೂ ಮುರಿಯಿತು.

ಮಾಂಸವನ್ನು ಅವತ್ತೇ ಹಂಚುವುದಿಲ್ಲ. ಶೆಡ್ಡಿನಲ್ಲಿ ನೇತುಹಾಕುತ್ತಾರೆ. ಲೆಕ್ಕ ನಲವತ್ತು: ಪ್ರತಿ ದಿನದ ಉಷ್ಣತೆಯನ್ನು ಕೂಡುತ್ತಾ ಹೋಗಬೇಕು, ಮೊತ್ತ ನಲವತ್ತು ಆಗುವವರೆಗೆ. ಎಂಟು ಡಿಗ್ರಿ ಇದ್ದರೆ ಐದು ದಿನ. ಮಾವ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ಆಮೇಲೆ ಸಮನಾಗಿ ಗುಡ್ಡೆ ಮಾಡಿ, ಮತ್ತೆ ಚೀಟಿ. ಈಡು ಹೊಡೆದವರಿಗೂ ಒಂದೇ ಪಾಲು.

ನನಗೂ ಒಂದು ಪೊಟ್ಟಣ ಸಿಕ್ಕಿತು. ಕಾಳುಮೆಣಸು ಜಾಸ್ತಿ ಹಾಕಿ ಹುರಿದು, ಒಂದು ಡಬ್ಬಿ ಮಾವನ ಮನೆಗೂ ಕೊಟ್ಟು ಬಂದೆ. ಖಾರಕ್ಕೆ ಕಣ್ಣೀರು ಬಂತಂತೆ. ಡಬ್ಬಿ ಮಾತ್ರ ವಾಪಸ್ ಬರುವಾಗ ಖಾಲಿ ಇರಲಿಲ್ಲ. ಕಾಡಿನ ಕೆಂಪು ಹಣ್ಣಿನ ಜಾಮ್, ಅಂಚಿನವರೆಗೆ.

ನಮಸ್ಕಾರ.