8051ರ ಎರಡು ಪಿನ್ನಿನ ಬಾಯಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಎಷ್ಟೋ ಜನ ಕಾಲೇಜಿನ ಲ್ಯಾಬಿನಲ್ಲಿ 8051 ಅನ್ನುವ ಮೈಕ್ರೊಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರಿನ ಕಿಟ್ ಜೊತೆ ಜಗಳ ಆಡಿರುತ್ತೀರಿ. ಅದರ ಮೇಲೆ 11.0592 ಅಂತ ಬರೆದ, ಚಿಪ್ಪಿಗೆ ತಾಳ ಹಾಕುವ ಪುಟ್ಟ ಕ್ರಿಸ್ಟಲ್ ನೆನಪಿದೆಯಾ? ಸುಮ್ನೆ 12 ಮೆಗಾಹರ್ಟ್ಸ್ ಹಾಕಬಾರದಿತ್ತಾ ಅಂತ ನನಗೂ ಅನ್ನಿಸಿತ್ತು. ಹಾಕಿಯೂ ನೋಡಿದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಅಕ್ಷರವನ್ನು ಒಂದೊಂದೇ ಬಿಟ್ ಮಾಡಿ ತಂತಿಯಲ್ಲಿ ಕಳಿಸುವುದು ಟೆಲಿಪ್ರಿಂಟರ್ ಕಾಲದ ವಿದ್ಯೆ. ಸೀರಿಯಲ್ ಅನ್ನುವುದು ಇದಕ್ಕೇ. ಮುಂದೊಂದು ಸ್ಟಾರ್ಟ್ ಬಿಟ್, ಹಿಂದೊಂದು ಸ್ಟಾಪ್ ಬಿಟ್. 1970ರ ದಶಕದ ಶುರುವಿನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ಇದಿಷ್ಟನ್ನೂ ಒಂದು ಚಿಪ್ಪಿಗೆ ಇಳಿಸಿತು. ಅದೇ ಯುಎಆರ್‌ಟಿ. ಆ ಒಂದು ಕೆಲಸಕ್ಕೇ 40 ಕಾಲುಗಳ ಚಿಪ್!

1976ರಲ್ಲಿ ಇಂಟೆಲ್ ತಂದ 8048 ಮೈಕ್ರೊಕಂಟ್ರೋಲರಿನಲ್ಲಿ ಸೀರಿಯಲ್ ಪೋರ್ಟೇ ಇರಲಿಲ್ಲ. ಬೇಕಿದ್ದರೆ ಪ್ರೋಗ್ರಾಮಿನಲ್ಲೇ ಪಿನ್ ಏರಿಸಿ ಇಳಿಸಬೇಕು. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್) ಒಂದು ಬಿಟ್ಟಿಗೆ ಸಿಗುವುದು 104 ಮೈಕ್ರೊಸೆಕೆಂಡ್. 6 ಮೆಗಾಹರ್ಟ್ಸ್‌ನ 8048ಕ್ಕೆ ಅದು ಸುಮಾರು 41 ಸೈಕಲ್, ಅಂದರೆ ಅದರ ಕೆಲಸದ 41 ಹೆಜ್ಜೆ. ಒಲೆಯ ಮೇಲೆ ಹಾಲಿಟ್ಟವರ ಪಾಡು ಅದು, ಬೇರೆ ಕಡೆ ತಲೆ ತಿರುಗಿಸೋ ಹಾಗಿಲ್ಲ.

ಮೊಟೊರೊಲಾ ತನ್ನ 6801ರಲ್ಲಿ ಈ ಕೆಲಸವನ್ನು ಚಿಪ್ಪಿನೊಳಗೇ ತಂದಿತು. 1980ರಲ್ಲಿ ಇಂಟೆಲ್ 8051 ಬಂತು. ನನಗೆ ಇಷ್ಟವಾಗುವುದು ಇದರ ಜುಗ್ಗತನ. ಸೀರಿಯಲ್‌ಗೆ ಕೊಟ್ಟಿದ್ದು ಎರಡೇ ಪಿನ್, ಅವೂ ಪೋರ್ಟ್ 3 ಅನ್ನುವ ಪಿನ್ ಗುಂಪಿನಿಂದ ಕಡ ತಂದವು. ಎಸ್‌ಬಫ್ ಅನ್ನುವ ಒಂದೇ ವಿಳಾಸದ ಹಿಂದೆ ಎರಡು ರಿಜಿಸ್ಟರ್ (ಒಂದು ಬೈಟ್ ಇಡುವ ಪುಟ್ಟ ಗೂಡು): ಬರೆದರೆ ಒಂದಕ್ಕೆ ಹೋಗುತ್ತದೆ, ಓದಿದರೆ ಇನ್ನೊಂದರಿಂದ ಬರುತ್ತದೆ. ಬಾಡ್ ರೇಟಿಗೆ ಬೇರೆ ಗಡಿಯಾರವನ್ನೂ ಕೊಡಲಿಲ್ಲ. ಟೈಮರ್ 1 ಇದೆಯಲ್ಲ, ಅದನ್ನೇ ಬಳಸಿಕೋ ಅಂದರು.

ಕ್ರಿಸ್ಟಲ್ ರಗಳೆ ಶುರುವಾಗುವುದೇ ಇಲ್ಲಿ. ಚಿಪ್ಪು ಕ್ರಿಸ್ಟಲ್ಲಿನ ವೇಗವನ್ನು ಮೊದಲು 12ರಿಂದ, ಆಮೇಲೆ 32ರಿಂದ ಭಾಗಿಸುತ್ತದೆ. 11.0592ಕ್ಕೆ 28,800 ಬರುತ್ತದೆ. ಟೈಮರ್ ಅದನ್ನು 3ರಿಂದ ಭಾಗಿಸಿದರೆ ಸರಿಯಾಗಿ 9600. 12 ಮೆಗಾಹರ್ಟ್ಸ್ ಹಾಕಿದರೆ 31,250. ಅದರ ಮೂರನೇ ಒಂದು ಪಾಲು ಸುಮಾರು 10,417. ಎಂಟೂವರೆ ಪರ್ಸೆಂಟ್ ಜಾಸ್ತಿ.

ಅಷ್ಟೇ ತಾನೇ ಅಂದುಕೊಂಡಿದ್ದೆ. ಇಂಗ್ಲಿಷಿನ ದೊಡ್ಡ 'ಎ' ಕಳಿಸಿದೆ, ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ 65. ಕಂಪ್ಯೂಟರಿನಲ್ಲಿ ಸಿಕ್ಕಿದ್ದು 161. ವೈರ್ ಬದಲಿಸಿದೆ, ಕಿಟ್ ಬದಲಿಸಿದೆ, ಒಂದು ಸಂಜೆಯೇ ಹೋಯಿತು. ಕೊನೆಗೆ ಪೇಪರಿನ ಮೇಲೆ ಬಿಟ್ ಬರೆದು ನೋಡಿದಾಗ ಗೊತ್ತಾಯಿತು. ಕಂಪ್ಯೂಟರು ಸ್ಟಾರ್ಟ್ ಬಿಟ್ಟಿನ ಅಂಚು ಹಿಡಿದು ತನ್ನದೇ ಲೆಕ್ಕದಲ್ಲಿ ಬಿಟ್ ಎಣಿಸುತ್ತದೆ. ನನ್ನ ಚಿಪ್ಪಿಗೆ ಅವಸರ. ಐದು ಬಿಟ್‌ವರೆಗೆ ಹೇಗೋ ಸರಿಹೋಗಿತ್ತು. ಆರನೆಯದನ್ನು ಓದುವ ಹೊತ್ತಿಗೆ ತಂತಿಯ ಮೇಲೆ ಏಳನೆಯದು ಬಂದು ನಿಂತಿತ್ತು. ಎಂಟನೆಯದರ ಜಾಗದಲ್ಲಿ ಓದಿದ್ದು ಸ್ಟಾಪ್ ಬಿಟ್ಟನ್ನು.

ಇನ್ನೊಂದು ಮಾತು. ಆ 31,250 ಇದೆಯಲ್ಲ, ಸಂಗೀತದ ಕೀಬೋರ್ಡುಗಳು ಮಾತಾಡಿಕೊಳ್ಳಲು 1983ರಲ್ಲಿ ಬಂದ ಮಿಡಿ ಪದ್ಧತಿಯ ವೇಗ ಕರೆಕ್ಟಾಗಿ ಅದೇ. 1 ಮೆಗಾಹರ್ಟ್ಸನ್ನು 32ರಿಂದ ಭಾಗಿಸಿದರೆ ಸಿಗುವ ಸಂಖ್ಯೆ. ಅಂದರೆ ಕೀಬೋರ್ಡಿಗೆ ನನ್ನ 12ರ ಕ್ರಿಸ್ಟಲ್ಲೇ ಸರಿ, 11.0592 ನಡೆಯಲ್ಲ.

ಬೋರ್ಡ್ ಇಲ್ಲೇ ತಂದಿದ್ದೇನೆ, ಎರಡೂ ಕ್ರಿಸ್ಟಲ್ ಇವೆ. ಯಾರಾದರೂ ಮುಂದೆ ಬನ್ನಿ, 'ಎ' ಕಳಿಸಿ ನೋಡೋಣ.